ಸಭೆಯಲ್ಲಿ ಮಾತಾಡಿದ ತರುಣ

೧

ಉಪದೇಶವು ಮೂರು ಬಗೆಯದೆಂದು ನಮ್ಮ ಆಲಂಕಾರಿಕರು ವಿಂಗಡಿಸಿದ್ದಾರೆ. ಒಡೆಯನ ಆಜ್ಞೆಯಂತಿರುವ ವೇದವಾಕ್ಯವು ಪ್ರಭುಸಮ್ಮಿತ. ಗೆಳೆಯನ ಹಿತವಚನದಂತಿರುವ ಪುರಾಣೇತಿಹಾಸಗಳು ಮಿತ್ರಸಮ್ಮಿತ. ಪ್ರಿಯೆಯ ಮಾತಿನಂತೆ ಮನವೊಲಿಸುವ ಕಾವ್ಯವು ಕಾಂತಾಸಮ್ಮಿತ. ಮಮ್ಮಟನ ಕಾವ್ಯಪ್ರಕಾಶವನ್ನು ಓದಿದವರೆಲ್ಲರೂ ಈ ವಿಭಾಗವನ್ನು ಬಲ್ಲರು. ಮೂರನೆಯದೇ ಶ್ರೇಷ್ಠವೆಂದು ಹೇಳಿ ಮುಂದೆ ಸಾಗುವುದು ನಮ್ಮ ವಾಡಿಕೆ. ಆದರೆ ನಮ್ಮ ಕಾಲೇಜುಗಳ ತರುಣರನ್ನು ಕುರಿತು ಯೋಚಿಸುವಾಗ, ನಡುವಣದಾದ ಮಿತ್ರಸಮ್ಮಿತವೇ ಈಗ ಹೆಚ್ಚಾಗಿ ಬೇಕಾದುದೆಂದು ನನಗೆ ತೋರುವುದು.

ಕಾರಣವನ್ನು ಹೇಳುವೆನು. ಸ್ತ್ರೀಯರ ಮೇಲಣ ಲೈಂಗಿಕ ಅತ್ಯಾಚಾರಗಳನ್ನು ತಡೆಯುವುದಕ್ಕೆ ಪ್ರಭುಸಮ್ಮಿತವಾದ ಮಾತು ಈಗ ಕಡಮೆಯಿಲ್ಲ. ೧೯೯೭ರಲ್ಲಿ ವಿಶಾಖಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಉದ್ಯೋಗಸ್ಥಾನಗಳಿಗೆ ವಿಧಿಗಳನ್ನು ಹಾಕಿಕೊಟ್ಟಿತು. ೨೦೧೨ನೆಯ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಘೋರಕೃತ್ಯದ ತರುವಾಯ ನ್ಯಾಯಮೂರ್ತಿ ವರ್ಮಾ ಸಮಿತಿಯು ವರದಿಯನ್ನೊಪ್ಪಿಸಿತು. ೨೦೧೩ರಲ್ಲಿ ದಂಡಸಂಹಿತೆಯು ತಿದ್ದಲ್ಪಟ್ಟು, ಹೆಣ್ಣಿನ ಬೆನ್ನುಹತ್ತಿ ಕಾಡುವುದು, ಮರೆಯಿಂದ ನೋಡಿ ಚಿತ್ರ ತೆಗೆಯುವುದು ಇವೆಲ್ಲವೂ ಪ್ರತ್ಯೇಕವಾದ ಅಪರಾಧಗಳೆನಿಸಿದುವು. ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅವನ್ನು ಉಳಿಸಿಕೊಂಡಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ೨೦೧೫ರ ನಿಯಮಾವಳಿಯ ಮೇರೆಗೆ ಪ್ರತಿಯೊಂದು ಕಾಲೇಜಿನಲ್ಲಿಯೂ ಆಂತರಿಕ ದೂರು ಸಮಿತಿಯೊಂದು ಇರತಕ್ಕದ್ದು. ದೂರು ವಿದ್ಯಾರ್ಥಿಗಳಿಗೆ ಸಂಬಂಧಿಸಿದುದಾದರೆ, ವಿದ್ಯಾರ್ಥಿಗಳಿಂದಲೇ ಚುನಾಯಿತರಾದ ಮೂವರು ಆ ಸಮಿತಿಯಲ್ಲಿ ಕುಳಿತುಕೊಳ್ಳಬೇಕು.

ಇವೆಲ್ಲವೂ ಅವಶ್ಯವಾದುವು. ಆದರೆ ಪ್ರಭುವಿನ ದಂಡವು ಬಹುಮಟ್ಟಿಗೆ ಕೃತ್ಯವು ನಡೆದ ಮೇಲೆ ಬರತಕ್ಕದ್ದು. ಕೃತ್ಯಕ್ಕೆ ಮೊದಲು, ದುರ್ಬುದ್ಧಿಯು ಇನ್ನೂ ಹಾಸ್ಯದ ರೂಪದಲ್ಲಿಯೋ ಪಂಥದ ರೂಪದಲ್ಲಿಯೋ ಇರುವಾಗ, ಹತ್ತಿರದಲ್ಲಿ ಇರುವವನು ಗೆಳೆಯನೊಬ್ಬನೇ. ಅವನು ನಕ್ಕರೆ ಕಾರ್ಯವು ಮುಂದುವರಿಯುವುದು. ‘ಬೇಡ ಮಾರಾಯ’ ಎಂದರೆ ಅನೇಕ ಸಲ ಅಲ್ಲಿಗೇ ನಿಲ್ಲುವುದು. ಇಂಥ ಗೆಳೆಯನ ಚಿತ್ರವನ್ನು ನಮ್ಮ ಸಾಹಿತ್ಯವು ತರುಣರ ಮುಂದಿಟ್ಟಿದೆಯೇ? ಇಟ್ಟಿದ್ದರೆ ನಾವು ಅದನ್ನು ಓದಿದ್ದೇವೆಯೇ? ಇದೇ ಈ ಲೇಖನದ ವಿಷಯ. ಮಹಾಭಾರತ, ಮೃಚ್ಛಕಟಿಕ, ಮತ್ತು ನಮ್ಮ ಮಂಗಳೂರಿನಲ್ಲಿಯೇ ಹುಟ್ಟಿದ ಇಂದಿರಾಬಾಯಿ ಎಂಬ ಕಾದಂಬರಿ, ಈ ಮೂರನ್ನು ಈ ದೃಷ್ಟಿಯಿಂದ ಪರಿಶೀಲಿಸುವೆನು.

೨

ಮೊದಲು ಸಭಾಪರ್ವ. ದ್ಯೂತಸಭೆಗೆ ಎಳೆದು ತರಲ್ಪಟ್ಟ ದ್ರೌಪದಿಯು, ಮೊದಲು ತನ್ನನ್ನೇ ಸೋತುಕೊಂಡ ಧರ್ಮರಾಜನಿಗೆ ಆ ಬಳಿಕ ಹೆಂಡತಿಯನ್ನು ಪಣವಾಗಿಡುವ ಅಧಿಕಾರವುಂಟೇ ಎಂದು ಕೇಳುತ್ತಾಳೆ. ಧರ್ಮದ ಗತಿಯು ಸೂಕ್ಷ್ಮವೆಂದು ಹೇಳಿ ಭೀಷ್ಮನು ಜಾರಿಕೊಳ್ಳುತ್ತಾನೆ. ಭೀಮನು ಅಣ್ಣನ ತೋಳುಗಳನ್ನೇ ಸುಡುವೆನೆಂದು ಬೆಂಕಿಯನ್ನು ತರಹೇಳಿ, ಅರ್ಜುನನಿಂದ ತಡೆಯಲ್ಪಡುತ್ತಾನೆ. ಆಗ ಮಾತೆತ್ತಿದವನು ಧೃತರಾಷ್ಟ್ರನ ಮಕ್ಕಳಲ್ಲಿಯೇ ಒಬ್ಬನಾದ ವಿಕರ್ಣನು. ಸಭಾಸದರು ಉತ್ತರ ಕೊಡಬೇಕೆಂದು ಅವನು ಮತ್ತೆ ಮತ್ತೆ ಕೇಳುತ್ತಾನೆ. ಯಾರೂ ಒಳ್ಳೆಯದನ್ನಾಗಲಿ ಕೆಟ್ಟದನ್ನಾಗಲಿ ನುಡಿಯದಿರಲು, ಕೈಗೆ ಕೈಯನ್ನುಜ್ಜಿ ನಿಟ್ಟುಸಿರು ಬಿಟ್ಟು, ನೀವು ಹೇಳಿದರೆ ಹೇಳಿರಿ, ಬಿಟ್ಟರೆ ಬಿಡಿರಿ, ನನಗೆ ನ್ಯಾಯವೆಂದು ತೋರಿದುದನ್ನು ನಾನು ಹೇಳುವೆನೆಂದು ತೊಡಗುತ್ತಾನೆ. ಬೇಟೆ, ಪಾನ, ಜೂಜು, ಸ್ತ್ರೀವ್ಯಸನ ಇವುಗಳಿಗೆ ವಶನಾದವನ ಕೃತ್ಯವನ್ನು ಲೋಕವು ಪ್ರಮಾಣವೆಂದು ಎಣಿಸುವುದಿಲ್ಲ; ದ್ರೌಪದಿಯು ಐವರಿಗೂ ಸಮಾನಳು; ಯುಧಿಷ್ಠಿರನು ಮೊದಲೇ ತನ್ನನ್ನು ಸೋತಿದ್ದನು; ಆಕೆಯನ್ನು ಪಣವಾಗಿಡೆಂದು ಪ್ರೇರಿಸಿದವನು ಶಕುನಿ; ಆದುದರಿಂದ ಆಕೆಯನ್ನು ಗೆದ್ದಂತಾಗಲಿಲ್ಲ. ಇದು ಅವನ ವಾದಸರಣಿ. ನ್ಯಾಯಶಾಸ್ತ್ರದಲ್ಲಿ ಪಳಗಿದವರೂ ಇದಕ್ಕಿಂತ ಹೆಚ್ಚಾಗಿ ಹೇಳಲಾರರು.

ಮುಂದೆ ಏನಾಯಿತು? ಸಭೆಯಲ್ಲಿ ದೊಡ್ಡ ಗದ್ದಲವೆದ್ದಿತು. ಅನೇಕರು ವಿಕರ್ಣನನ್ನು ಹೊಗಳಿ ಶಕುನಿಯನ್ನು ನಿಂದಿಸಿದರು. ಆದರೆ ಕರ್ಣನು ಸಿಟ್ಟಿನಿಂದ ತೋಳೆತ್ತಿ, ಅರಣಿಯಲ್ಲಿ ಹುಟ್ಟಿದ ಬೆಂಕಿಯು ಅರಣಿಯನ್ನೇ ಸುಡುವಂತೆ ಇವನು ತನ್ನ ಕುಲವನ್ನೇ ಸುಡುವವನೆಂದೂ, ಹುಡುಗನಾಗಿ ಮುದುಕರ ಮಾತನ್ನಾಡುವನೆಂದೂ ಹೀಯಾಳಿಸಿದನು. ಅಷ್ಟಕ್ಕೇ ಆ ಗದ್ದಲವು ಅಡಗಿಹೋಯಿತು. ವಸ್ತ್ರಾಪಹಾರಕ್ಕೆ ಆಜ್ಞೆಯಾದುದು ಇದರ ತರುವಾಯವೇ ಎಂಬುದನ್ನು ವಾಚಕರು ಗಮನಿಸಬೇಕು. ವಿಕರ್ಣನ ಮಾತಿನಲ್ಲಿ ದೋಷವಿದ್ದುದರಿಂದ ಅವನು ಸೋಲಲಿಲ್ಲ; ಅವನ ಬೆನ್ನಿಗೆ ಎರಡನೆಯವನೊಬ್ಬನು ಎದ್ದು ನಿಲ್ಲದುದರಿಂದ ಸೋತನು. ಗುಂಪಿನೊಳಗೆ ಸೇರಿ ಹೊಗಳಿದವರಿಗೆ, ಒಬ್ಬೊಬ್ಬರಾಗಿ ಹೆಸರು ತೋರಿಸಿ ನಿಲ್ಲುವ ಧೈರ್ಯವಿರಲಿಲ್ಲ. ೧೯೬೮ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಎಂಬವರು ಪ್ರಯೋಗಗಳನ್ನು ನಡೆಯಿಸಿ, ಸುತ್ತಲೂ ನೋಡುವವರು ಹೆಚ್ಚಿದಷ್ಟೂ ಒಬ್ಬೊಬ್ಬನು ಸಹಾಯಕ್ಕೆ ಮುಂದಾಗುವುದು ಕಡಮೆಯಾಗುವುದೆಂದು ತೋರಿಸಿಕೊಟ್ಟರು. ವ್ಯಾಸರ ಸಭೆಯು ಈ ತತ್ತ್ವಕ್ಕೆ ಹಳೆಯ ದೃಷ್ಟಾಂತವಾಗಿದೆ.

ವಿದುರನು ಇದನ್ನು ಬಲ್ಲವನು. ವಿಕರ್ಣನು ತನ್ನ ಬುದ್ಧಿಗೆ ತೋರಿದಂತೆ ಉತ್ತರ ಕೊಟ್ಟಿದ್ದಾನೆ, ಇನ್ನು ನೀವೂ ಕೊಡಿರೆಂದು ಅವನು ಅರಸರನ್ನು ಕೇಳಿ, ಪ್ರಹ್ಲಾದನಿಗೆ ಕಶ್ಯಪನು ಹೇಳಿದ ಒಂದು ಲೆಕ್ಕವನ್ನು ಅವರ ಮುಂದಿಡುತ್ತಾನೆ. ನಿಂದ್ಯವಾದುದನ್ನು ನಿಂದಿಸದ ಸಭೆಯಲ್ಲಿ ಪಾಪದ ಅರ್ಧವು ಸಭೆಯ ಹಿರಿಯನಿಗೆ, ಕಾಲುಭಾಗವು ಮಾಡಿದವನಿಗೆ, ಉಳಿದ ಕಾಲುಭಾಗವು ಸುಮ್ಮನೆ ಕುಳಿತವರಿಗೆ. ಮಾಡಿದವನ ಪಾಲೂ ನೋಡಿದವರ ಪಾಲೂ ಸಮಾನವೆಂಬ ಈ ಗಣನೆಯನ್ನು ನಾವು ಎಷ್ಟು ತರಗತಿಗಳಲ್ಲಿ ವಿವರಿಸಿದ್ದೇವೆ? ಅದನ್ನು ಕೇಳಿಯೂ ಆ ಅರಸರು ಬಾಯ್ದೆರೆಯಲಿಲ್ಲವೆಂಬುದು ಕಥೆಯ ಅತ್ಯಂತ ದುಃಖಕರವಾದ ಭಾಗ.

ನಮ್ಮ ನೆನಪಿನಲ್ಲಿ ಉಳಿದಿರುವುದು ಭೀಮನ ಪ್ರತಿಜ್ಞೆ ಮತ್ತು ಕೃಷ್ಣನ ಕರುಣೆ. ಅಕ್ಷಯವಾದ ಸೀರೆಯನ್ನು ವರ್ಣಿಸುವಾಗ ಕುಮಾರವ್ಯಾಸನ ಭಕ್ತಿಯು ಉಕ್ಕಿ ಹರಿಯುವುದು, ಕೇಳುವವರ ಕಣ್ಣು ಒದ್ದೆಯಾಗುವುದು. ಭೀಮನಿಂದ ರೌದ್ರವುಂಟು, ಕೃಷ್ಣನಿಂದ ಅದ್ಭುತವುಂಟು. ವಿಕರ್ಣನಿಂದ ಯಾವ ರಸವೆಂದು ಕೇಳಬಹುದು. ವೀರರಸದ ಭೇದಗಳಲ್ಲಿ ಯುದ್ಧವೀರ, ದಾನವೀರ, ದಯಾವೀರರ ಜೊತೆಗೆ ಧರ್ಮವೀರನನ್ನೂ ಆಲಂಕಾರಿಕರು ಎಣಿಸಿದ್ದಾರೆ. ಆಯುಧವಿಲ್ಲದೆ, ತನ್ನ ಅಣ್ಣನ ಸಭೆಯಲ್ಲಿ, ತನ್ನವರ ವಿರುದ್ಧವಾಗಿ, ತನಗೆ ಯಾವ ಲಾಭವೂ ಇಲ್ಲದ ಮಾತನ್ನಾಡಿದ ಈ ತರುಣನು ಧರ್ಮವೀರನಲ್ಲದೆ ಮತ್ತಾರು? ದ್ರೋಣಪರ್ವದಲ್ಲಿ ಪ್ರತಿಜ್ಞೆಗೆ ಕಟ್ಟುಬಿದ್ದು ಇವನನ್ನು ಕೊಂದ ಭೀಮನು ಮರುಗುತ್ತಾನೆ. ನೂರ್ವರಲ್ಲಿ ಇವನಿಗಾಗಿ ಆ ಮರುಕವನ್ನು ಎತ್ತಿ ಹೇಳಿದುದರಿಂದಲೇ ವ್ಯಾಸರ ಅಭಿಪ್ರಾಯವು ಸ್ಪಷ್ಟವಾಗುವುದು.

೩

ವಿರಾಟಪರ್ವದಲ್ಲಿ ಇನ್ನೊಂದು ಸಭೆಯಿದೆ. ಅಲ್ಲಿ ವಿಕರ್ಣನೂ ಇಲ್ಲ. ಮದ್ಯವನ್ನು ತರುವ ನೆವದಿಂದ ಸೈರಂಧ್ರಿಯನ್ನು ಕೀಚಕನ ಮನೆಗೆ ಕಳುಹಿದವಳು ಅರಸಿಯಾದ ಸುದೇಷ್ಣೆ. ಅಲ್ಲಿಂದ ತಪ್ಪಿಸಿಕೊಂಡು ರಾಜಸಭೆಗೆ ಓಡಿಬಂದವಳನ್ನು ಕೀಚಕನು ಅರಸನ ಕಣ್ಣೆದುರಿನಲ್ಲಿಯೇ ಒದೆಯುತ್ತಾನೆ. ವಿರಾಟನು ಕೊಡುವ ಉತ್ತರವನ್ನು ನೋಡಿರಿ: ನಿಮ್ಮಿಬ್ಬರ ಕಲಹವು ನನ್ನ ಕಣ್ಣಿಗೆ ಮರೆಯಾಗಿ ನಡೆಯಿತು, ನಿಜಸ್ಥಿತಿಯನ್ನರಿಯದೆ ನಾನೇನು ತೀರ್ಮಾನಿಸಲಿ? ಒದೆತವನ್ನು ಕಂಡವನೇ ಕಾಣದುದನ್ನು ನೆವವಾಗಿ ಹೇಳುತ್ತಾನೆ. ಸಭಾಸದರು ಆಕೆಯ ರೂಪಗುಣಗಳನ್ನು ಹೊಗಳಿ ತೃಪ್ತರಾಗುತ್ತಾರೆ. ಕಂಕವೇಷದ ಧರ್ಮರಾಜನು, ನಟಿಯಂತೆ ಅಳುತ್ತ ನಿಂತು ಜೂಜಿಗೆ ಅಡ್ಡಿಮಾಡಬೇಡವೆನ್ನುತ್ತಾನೆ. ಅಜ್ಞಾತವಾಸವು ಬಯಲಾಗಬಾರದೆಂಬ ಕಾರಣವು ಅವನಿಗೆ ಉಂಟು. ವಿರಾಟನಿಗೆ ಬಲಾಢ್ಯನಾದ ಮೈದುನನ ಭಯವುಂಟು. ಹೀಗೆ ಸುಮ್ಮನಿರುವವರೆಲ್ಲರಿಗೂ ಒಂದೊಂದು ಕಾರಣವು ಯಾವಾಗಲೂ ಇರುವುದು.

ರಾತ್ರಿಯಲ್ಲಿ ಬಾಣಸಿನ ಮನೆಯಲ್ಲಿ ದ್ರೌಪದಿಯು ಭೀಮನನ್ನು ಎಬ್ಬಿಸಿ ದುಃಖವನ್ನು ತೋಡಿಕೊಳ್ಳುವ ಭಾಗವು ಕುಮಾರವ್ಯಾಸನ ಕಾವ್ಯದ ಶಿಖರಗಳಲ್ಲೊಂದೆಂಬುದು ಸರ್ವಸಮ್ಮತ. ಕೀಚಕನ ವಧೆಯಾಗುತ್ತದೆ, ಪ್ರೇಕ್ಷಕರಿಗೆ ಸಮಾಧಾನವಾಗುತ್ತದೆ. ಆದರೆ ಮೂಲದಲ್ಲಿ ಅನಂತರ ನಡೆಯುವುದನ್ನು ನಾವು ಮರೆಯುತ್ತೇವೆ. ಭಯಗೊಂಡ ವಿರಾಟನು ಸೈರಂಧ್ರಿಯನ್ನು ಊರುಬಿಟ್ಟು ಹೋಗುವಂತೆ ಹೇಳೆಂದು ಸುದೇಷ್ಣೆಗೆ ಸೂಚಿಸುತ್ತಾನೆ. ಅನ್ಯಾಯಕ್ಕೊಳಗಾದವಳೇ ಹೊರಟುಹೋಗಬೇಕು! ದೂರು ಕೊಟ್ಟ ವಿದ್ಯಾರ್ಥಿನಿಯೇ ತರಗತಿಯನ್ನು ಬದಲಾಯಿಸಬೇಕಾಗಿ ಬರುವ ಕಾಲದಲ್ಲಿ ಈ ಮಾತು ಹಳೆಯದಾಯಿತೆನ್ನುವವರು ಯಾರು?

ನಮ್ಮ ಜಿಲ್ಲೆಯವರಿಗೆ ಕೀಚಕನ ಪರಿಚಯವಾಗುವುದು ಯಕ್ಷಗಾನದ ರಂಗಸ್ಥಳದಲ್ಲಿ. ಅವನ ಶೃಂಗಾರಚೇಷ್ಟೆಗಳಿಗೆ ಸಭೆಯಲ್ಲಿ ನಗೆಯೇಳುವುದುಂಟು. ಪ್ರತಿನಾಯಕನ ಪಾತ್ರಕ್ಕೆ ಕಳೆಗಟ್ಟಬೇಕಾದುದು ರಂಗದ ಧರ್ಮವೇ ಸರಿ; ಅದನ್ನು ನಾನು ದೂರುವುದಿಲ್ಲ. ಆದರೆ ಸೈರಂಧ್ರಿಯು ಕೈಮುಗಿದು ಬೇಡವೆನ್ನುವಾಗಲೂ ಆ ನಗೆಯು ಮುಂದುವರಿದರೆ, ಪ್ರೇಕ್ಷಕರು ವಿರಾಟನ ಸಭೆಯಲ್ಲಿ ಹೋಗಿ ಕುಳಿತಂತಾಗುವುದು. ಬೇಡವೆಂಬ ಮಾತನ್ನು ಹೆಣ್ಣಿನ ಲೀಲೆಯೆಂದು ತಿಳಿಯುವ ಅಭ್ಯಾಸವು ಇಂಥ ನಗೆಯಿಂದಲೇ ಬೆಳೆಯುವುದಲ್ಲವೇ?

೪

ಶೂದ್ರಕನ ಮೃಚ್ಛಕಟಿಕವು ಈ ವಿಷಯದಲ್ಲಿ ಭಾರತಕ್ಕಿಂತಲೂ ಸೂಕ್ಷ್ಮವಾದುದು. ವಿಟನೆಂದರೆ ಕನ್ನಡದಲ್ಲಿ ಕೆಟ್ಟ ಅರ್ಥವೇ ರೂಢವಾಗಿದೆ. ಸಂಸ್ಕೃತ ನಾಟಕಗಳಲ್ಲಾದರೋ ಅವನು ಧನಿಕರ ಒಡನಾಡಿಯಾದ ಕಲಾಭಿಜ್ಞನು. ಮೊದಲನೆಯ ಅಂಕದಲ್ಲಿ ಅರಸನ ಮೈದುನನಾದ ಶಕಾರನು ಕತ್ತಲೆಯ ಬೀದಿಯಲ್ಲಿ ವಸಂತಸೇನೆಯನ್ನು ಅಟ್ಟಿಸಿಕೊಂಡು ಬರುವಾಗ ವಿಟನೂ ಜೊತೆಗಿರುತ್ತಾನೆ. ಗಣಿಕೆಯಾದವಳು ದಾರಿಯ ಬಳ್ಳಿಯಂತೆ ಎಲ್ಲರಿಗೂ ಸಮಾನಳೆಂದು ಮೊದಲು ಅವನೂ ಹೇಳುತ್ತಾನೆ. ಅನುರಾಗವು ಗುಣದಿಂದ ಹುಟ್ಟುವುದೇ ಹೊರತು ಬಲಾತ್ಕಾರದಿಂದ ಹುಟ್ಟುವುದಿಲ್ಲವೆಂದು ಆಕೆಯು ಉತ್ತರ ಕೊಡುತ್ತಾಳೆ. ಆಕೆಯ ಮನಸ್ಸು ಚಾರುದತ್ತನಲ್ಲಿದೆಯೆಂದು ತಿಳಿದ ಮೇಲೆ ವಿಟನು ಬದಲಾಗುತ್ತಾನೆ. ಹೂಮಾಲೆಯ ಪರಿಮಳವೂ ಕಾಲ್ಗೆಜ್ಜೆಯ ದನಿಯೂ ನಿನ್ನ ಇರವನ್ನು ತಿಳಿಸಿಕೊಡುವುವೆಂದು ಶಕಾರನಿಗೆ ಅರಿವಾಗದಂತೆ ಸೂಚಿಸಿ, ಆಕೆಯು ತಪ್ಪಿಸಿಕೊಳ್ಳುವುದಕ್ಕೆ ದಾರಿಮಾಡುತ್ತಾನೆ. ಗಣಿಕೆಯಾದರೂ ಅವಳ ಇಚ್ಛೆಯು ಅವಳದೇ ಎಂಬ ಧರ್ಮವನ್ನು ಅಪರಾಧಿಯ ಗೆಳೆಯನೇ ಕಲಿತುಕೊಂಡನು. ಶೂದ್ರಕನ ಹಿರಿಮೆ ಇಲ್ಲಿದೆ.

ಎಂಟನೆಯ ಅಂಕದಲ್ಲಿ ಪರೀಕ್ಷೆಯು ಕಠಿನವಾಗುವುದು. ಹಳೆಯ ಉದ್ಯಾನದಲ್ಲಿ ವಸಂತಸೇನೆಯು ಶಕಾರನ ಕೈಗೆ ಸಿಕ್ಕುತ್ತಾಳೆ. ಆಕೆಯನ್ನು ಕೊಲ್ಲೆಂದಾಗ ವಿಟನು ಕಿವಿಮುಚ್ಚಿಕೊಂಡು ನಿರಾಕರಿಸುತ್ತಾನೆ. ದಾಸನಾದ ಸ್ಥಾವರಕನು ಪೆಟ್ಟುತಿಂದರೂ ಒಪ್ಪುವುದಿಲ್ಲ. ಆಗ ಶಕಾರನು ಉಪಾಯವನ್ನು ಹೂಡಿ, ನಿನ್ನೆದುರಿಗೆ ಆಕೆಯು ನಾಚುತ್ತಾಳೆ, ನೀನು ಆಚೆಗೆ ಹೋಗೆನ್ನುತ್ತಾನೆ. ವಸಂತಸೇನೆಯು ಶರಣೆಂದು ವಿಟನ ಉತ್ತರೀಯದ ಸೆರಗನ್ನು ಹಿಡಿದುಕೊಳ್ಳುತ್ತಾಳೆ. ಅವನೋ, ಆಕೆಯನ್ನು ನ್ಯಾಸವಾಗಿ ನಿನ್ನ ಕೈಯಲ್ಲಿಟ್ಟಿದ್ದೇನೆಂದು ಶಕಾರನಿಗೆ ಹೇಳಿ ಹೊರಟುಹೋಗುತ್ತಾನೆ. ಮರಳಿ ಬರುವಷ್ಟರಲ್ಲಿ ಕತ್ತುಹಿಸುಕಿದ್ದಾಗಿದೆ.

ವಿಟನು ದುಷ್ಟನಲ್ಲ. ಪಾಪವನ್ನು ಪಾಪವೆಂದು ಬಲ್ಲವನು, ತನ್ನ ಕೈಯಿಂದ ಅದನ್ನು ಮಾಡದವನು. ಅವನ ದೋಷವು ಒಂದೇ: ಇರಬೇಕಾದ ಹೊತ್ತಿನಲ್ಲಿ ಹೊರಟುಹೋದುದು. ನಮ್ಮ ತರುಣರಲ್ಲಿ ಶಕಾರರು ವಿರಳ, ವಿಟರು ಬಹಳ. ‘ನಾನಂತೂ ಅಂಥ ಕೆಲಸ ಮಾಡುವವನಲ್ಲ’ ಎಂದು ಹೇಳಿ ಎದ್ದುಹೋಗುವುದನ್ನು ಅವರು ಸಜ್ಜನಿಕೆಯೆಂದು ಎಣಿಸುತ್ತಾರೆ. ಎಂಟನೆಯ ಅಂಕವು ಆ ಸಜ್ಜನಿಕೆಯ ಬೆಲೆಯನ್ನು ತೋರಿಸಿಕೊಡುತ್ತದೆ. ಸ್ಥಾವರಕನಾದರೋ ಹತ್ತನೆಯ ಅಂಕದಲ್ಲಿ ಸಂಕೋಲೆಯೊಡನೆ ಮಹಡಿಯಿಂದ ಧುಮುಕಿ ಸತ್ಯವನ್ನು ಸಾರುತ್ತಾನೆ. ಚಿನ್ನವನ್ನು ಕದ್ದವನೆಂದು ದೂಷಿಸಿ ಶಕಾರನು ಅವನ ಸಾಕ್ಷ್ಯವನ್ನು ಕೆಡಿಸುತ್ತಾನೆ. ಸಾಕ್ಷಿಯಾಗಿ ನಿಂತವನಿಗೆ ಬರುವ ಕಷ್ಟವನ್ನೂ ಕವಿಯು ಮರೆಮಾಡಿಲ್ಲ. ಕಷ್ಟವಿಲ್ಲವೆಂದು ಸುಳ್ಳು ಹೇಳಿ ತರುಣರನ್ನು ಹುರಿದುಂಬಿಸುವುದಕ್ಕಿಂತ ಇದು ಮೇಲು.

೫

ಇನ್ನು ಕನ್ನಡಕ್ಕೆ ಬರೋಣ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಮನ್ನಣೆ ಪಡೆದ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿಯು ೧೮೯೯ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಗ್ರಂಥಕರ್ತರು ಪೊಲೀಸು ಇಲಾಖೆಯಲ್ಲಿ ಅಧಿಕಾರಿಗಳಾಗಿದ್ದವರು. ಗೌರವಸ್ಥರ ಮನೆಗಳ ಒಳಗನ್ನು ಬಲ್ಲವರು. ಬಾಲವಿಧವೆಯಾದ ಇಂದಿರೆಯ ತಂದೆತಾಯಿಗಳು ಕಪಟಸಂತರ ಭಕ್ತರು. ಆ ಸಂತರಿಂದಲೇ ಆಕೆಯ ಮಾನಕ್ಕೆ ವಿಪತ್ತು ಬರುವುದು, ಅದೂ ಹೆತ್ತವರ ಮನೆಯಲ್ಲಿ. ಆಕೆಯು ತಪ್ಪಿಸಿಕೊಂಡು ಅಮೃತರಾಯನ ಮನೆಯನ್ನು ಸೇರಿ, ವಿದ್ಯೆಯನ್ನು ಕಲಿತು, ಇಂಗ್ಲೆಂಡಿನಲ್ಲಿ ಓದಿ ಬಂದ ಭಾಸ್ಕರನನ್ನು ವಿವಾಹವಾಗುತ್ತಾಳೆ.

ಅತ್ಯಾಚಾರವು ಕತ್ತಲೆಯ ಬೀದಿಯ ಅಪರಿಚಿತನಿಂದ ಮಾತ್ರ ಬರುವುದಲ್ಲ, ಪೂಜ್ಯರೆನಿಸಿದವರಿಂದ ಮನೆಯೊಳಗೂ ಬರುವುದೆಂಬ ಸತ್ಯವನ್ನು ಅಂದೇ ಅಚ್ಚಿನಲ್ಲಿ ಹೇಳಿದ ಧೈರ್ಯಕ್ಕಾಗಿ ಈ ಗ್ರಂಥವನ್ನು ಎಷ್ಟು ಗೌರವಿಸಿದರೂ ಸಲ್ಲುವುದು. ಅಮೃತರಾಯನು ಬಾಗಿಲನ್ನು ತೆರೆದನು. ಇಂದಿರೆಯು ತನ್ನ ಕಾಲಿನಿಂದಲೇ ಆ ಬಾಗಿಲಿಗೆ ನಡೆದುಬಂದಳು. ಎರಡೂ ಸೊಗಸಾದ ಕಲ್ಪನೆಗಳು. ಆದರೆ ಭಾಸ್ಕರನ ವಿಷಯದಲ್ಲಿ ನನಗೊಂದು ಆಕ್ಷೇಪವಿದೆ. ವಿದ್ಯಾವಂತನಾದ ತರುಣನೊಬ್ಬನು ಅನ್ಯಾಯಕ್ಕೊಳಗಾದ ಹೆಣ್ಣಿಗೆ ಮಾಡಬಹುದಾದ ಉಪಕಾರವೆಂದರೆ ಆಕೆಯನ್ನು ಮದುವೆಯಾಗುವುದು ಎಂಬಲ್ಲಿಗೆ ಗ್ರಂಥವು ಅವನನ್ನು ನಿಲ್ಲಿಸಿಬಿಟ್ಟಿದೆ. ವಿಧವಾವಿವಾಹವೇ ಸಾಹಸವಾಗಿದ್ದ ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅಲ್ಲಿಂದೀಚೆಗೂ ನಮ್ಮ ಕಥೆಗಳಲ್ಲಿ ತರುಣನು ಹೆಣ್ಣಿಗೆ ಪತಿ, ಅಣ್ಣ, ಸೇಡುತೀರಿಸುವವನು, ಈ ಮೂರರಲ್ಲಿ ಒಂದಾಗಿಯೇ ಬರುತ್ತಾನೆ. ಯಾವ ನಂಟೂ ಇಲ್ಲದೆ, ಆಕೆಯ ಹೆಸರೂ ತಿಳಿಯದೆ, ತನ್ನ ಗೆಳೆಯರ ಕೂಟದಲ್ಲಿ ಕುಳಿತು ಗೆಳೆಯನ ಕೈಯನ್ನು ಹಿಡಿದು ನಿಲ್ಲಿಸುವ ತರುಣನನ್ನು ನಾನು ಬಹಳ ಹುಡುಕಬೇಕಾಗಿದೆ.

೬

ರಕ್ಷಕನಿದ್ದರೆ ಸಾಲದೇ, ಮಿತ್ರನೇಕೆಂದು ಕೇಳುವವರಿರಬಹುದು. ರಕ್ಷಣೆಯ ಹೆಸರಿನಲ್ಲಿ ಏನಾಗಬಹುದೆಂಬುದನ್ನು ನಮ್ಮ ಊರೇ ಕಂಡಿದೆ. ೨೦೦೯ನೆಯ ಜನವರಿ ೨೪ರಂದು ನಗರದ ‘ಅಮ್ನೇಷಿಯ’ ಎಂಬ ಪಾನಗೃಹಕ್ಕೆ ಗುಂಪೊಂದು ನುಗ್ಗಿ ಅಲ್ಲಿದ್ದ ತರುಣಿಯರನ್ನು ಹೊಡೆದು ಅಟ್ಟಿತು. ೨೦೧೨ನೆಯ ಜುಲೈ ೨೮ರಂದು ಪಡೀಲಿನ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬಕ್ಕೆ ನೆರೆದಿದ್ದ ಹುಡುಗ ಹುಡುಗಿಯರ ಮೇಲೆ ಇನ್ನೊಂದು ಗುಂಪು ಬಿದ್ದಿತು. ಎರಡನ್ನೂ ದೂರದರ್ಶನದಲ್ಲಿ ದೇಶವೆಲ್ಲ ನೋಡಿತು. ಮೊದಲನೆಯ ಮೊಕದ್ದಮೆಯ ಆರೋಪಿತರು ೨೦೧೮ರಲ್ಲಿಯೂ ಎರಡನೆಯದರ ಆರೋಪಿತರು ೨೦೨೪ರಲ್ಲಿಯೂ ವಿಚಾರಣಾ ನ್ಯಾಯಾಲಯಗಳಿಂದ ಬಿಡುಗಡೆ ಹೊಂದಿದರು. ಯಾರು ದೋಷಿಗಳೆಂಬ ವಿಚಾರವು ನ್ಯಾಯಾಲಯಕ್ಕೆ ಸೇರಿದುದು. ಸಾಹಿತ್ಯವಿಮರ್ಶಕನು ಕೇಳತಕ್ಕ ಪ್ರಶ್ನೆ ಬೇರೆ: ಸ್ತ್ರೀಯರ ಮಾನವನ್ನೂ ಸಂಸ್ಕೃತಿಯನ್ನೂ ಕಾಯುತ್ತೇವೆಂಬ ಭಾವನೆಯು ಸ್ತ್ರೀಯರ ಮೇಲೆ ಕೈಮಾಡುವುದಕ್ಕೆ ಹೇಗೆ ಸಾಧನವಾಯಿತು? ಆಕೆಯ ಮಾನವು ಆಕೆಯದಲ್ಲ, ನಮ್ಮದು ಎಂದು ತಿಳಿದುದರಿಂದ. ‘ಮಾನಭಂಗ’ವೆಂಬ ನಮ್ಮ ಶಬ್ದದಲ್ಲಿಯೇ ಈ ತಪ್ಪೆಣಿಕೆಯು ಅಡಗಿದೆ. ಕೆಟ್ಟ ಕೆಲಸವನ್ನು ಮಾಡಿದವನ ಮಾನವು ಭಂಗವಾಗಬೇಕಲ್ಲದೆ, ಅದಕ್ಕೊಳಗಾದವಳದು ಏಕೆ ಭಂಗವಾಗಬೇಕು?

ರಕ್ಷಕನು ಹೆಣ್ಣನ್ನು ನೋಡುತ್ತಾನೆ: ಎಲ್ಲಿಗೆ ಹೋದಳು, ಯಾರೊಡನೆ ಹೋದಳು, ಏನನ್ನು ಉಟ್ಟಳು ಎಂದು. ವಿಕರ್ಣನು ನೋಡಿದುದು ಗಂಡಸರ ಸಭೆಯನ್ನು. ದ್ರೌಪದಿಗೆ ಅವನು ಒಂದು ಬುದ್ಧಿಮಾತನ್ನೂ ಹೇಳಲಿಲ್ಲ. ಇದೇ ಭೇದ. ಇಂಥ ಮಾತಿಗೆ ಸ್ವಜನರಿಂದ ಬಹಿಷ್ಕಾರವು ಬರಬಹುದು. ದಲಿತರ ಮಕ್ಕಳಿಗೆ ಶಾಲೆಯನ್ನು ತೆರೆದ ಕುದ್ಮುಲ್ ರಂಗರಾಯರಿಗೆ ಇದೇ ಮಂಗಳೂರಿನಲ್ಲಿ ಬಂದಿತು. ಇಂದು ಅವರ ಹೆಸರಿನಲ್ಲಿ ನಗರದ ಪುರಭವನವಿದೆ.

ಗಂಡಸರೆಲ್ಲರನ್ನೂ ಅಪರಾಧಿಗಳೆಂದು ಮೊದಲೇ ನಿರ್ಣಯಿಸಿದಂತಾಗುವುದಿಲ್ಲವೇ ಎಂಬ ಆಕ್ಷೇಪವೂ ಉಂಟು. ಇದು ವಿಪರೀತಾರ್ಥ. ತರುಣನನ್ನು ಮಿತ್ರನೆಂದು ಕರೆಯುವವ‌ರು ಅವನಲ್ಲಿ ವಿಶ್ವಾಸವಿಟ್ಟೇ ಕರೆಯುತ್ತಾರೆ. ಅಮೆರಿಕದ ಬೋಸ್ಟನಿನಲ್ಲಿ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ಜ್ಯಾಕ್ಸನ್ ಕಾಟ್ಜ್ ಎಂಬವರು ೧೯೯೩ರಲ್ಲಿ ಆಟಗಾರರಾದ ವಿದ್ಯಾರ್ಥಿಗಳಿಗೆ ಹೀಗೆಯೇ ಶಿಕ್ಷಣವನ್ನು ಆರಂಭಿಸಿದರು: ನೀವು ಅಪರಾಧಿಗಳೆಂದಲ್ಲ, ಅಪರಾಧವನ್ನು ತಡೆಯಬಲ್ಲ ಒಡನಾಡಿಗಳೆಂದು. ಅದೇ ವರ್ಷ ಮುಂಬಯಿಯಲ್ಲಿ ಸ್ತ್ರೀಹಿಂಸೆಯ ವಿರುದ್ಧವಾಗಿ ಗಂಡಸರೇ ಕಟ್ಟಿದ ‘ಮಾವಾ’ ಎಂಬ ಸಂಸ್ಥೆಯು ಹುಟ್ಟಿ, ಮುಂದೆ ಮಹಾರಾಷ್ಟ್ರದ ಕಾಲೇಜುಗಳಲ್ಲಿ ತರುಣರ ನಡುವೆ ಕೆಲಸ ಮಾಡಿತು.

೭

ನಮ್ಮಲ್ಲಿ ಇದಕ್ಕೆ ಪರದೇಶದ ಪಾಠಕ್ರಮವೇ ಬೇಕೆಂದಿಲ್ಲ, ತಾಳಮದ್ದಳೆಯಿದೆ. ವೇಷವಿಲ್ಲದೆ, ಕುಣಿತವಿಲ್ಲದೆ, ಮಾತಿನಿಂದಲೇ ಪಾತ್ರವನ್ನು ನಿಲ್ಲಿಸಿ, ಎದುರಾಳಿಯ ವಾದಕ್ಕೆ ಸ್ಥಳದಲ್ಲಿಯೇ ಉತ್ತರ ಕೊಡಬೇಕಾದ ಕಲೆಯಿದು. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿರಾವಣರ ಪಕ್ಷವನ್ನು ಹಿಡಿದು ಕೇಳುವವರ ಬುದ್ಧಿಯನ್ನು ಕಲಕಿದುದನ್ನು ಬಲ್ಲವರು, ಅರ್ಥಧಾರಿಯು ಮನಸ್ಸುಮಾಡಿದರೆ ಪಾತ್ರವೊಂದು ಎಷ್ಟು ಬೆಳೆಯುವುದೆಂಬುದನ್ನು ಬಲ್ಲರು. ಹಾಗಾದರೆ ವಿಕರ್ಣನನ್ನು ಏಕೆ ಬೆಳೆಸಬಾರದು?

ನನ್ನ ಸೂಚನೆಯು ಇಷ್ಟೇ. ನಮ್ಮ ಸಂಘವು ನಗರದ ಕಾಲೇಜುಗಳಲ್ಲಿ ದ್ಯೂತಸಭೆಯ ಪ್ರಸಂಗವನ್ನು ತಾಳಮದ್ದಳೆಯಾಗಿ ಏರ್ಪಡಿಸಿ, ವಿಕರ್ಣನ ಅರ್ಥವನ್ನು ವಿದ್ಯಾರ್ಥಿಗಳಿಗೇ ಬಿಡಲಿ. ಕರ್ಣನ ಪಾತ್ರಕ್ಕೆ ನುರಿತ ಅರ್ಥಧಾರಿಯೊಬ್ಬರು ಕುಳಿತುಕೊಳ್ಳಲಿ. ‘ನೀನು ಹುಡುಗ’, ‘ನಮ್ಮವರನ್ನೇ ಬಿಟ್ಟುಕೊಡುವೆಯಾ’, ‘ಅವಳದೇನು ಕಡಮೆಯೇ’ ಎಂಬ ಮಾತುಗಳು ಹಾಸ್ಟೆಲಿನ ಕೋಣೆಯಲ್ಲಿಯೂ, ಸ್ಟೇಟ್ ಬ್ಯಾಂಕಿಗೆ ಹೋಗುವ ಬಸ್ಸಿನ ನೂಕುನುಗ್ಗಲಿನಲ್ಲಿಯೂ, ಹುಡುಗಿಯೊಬ್ಬಳ ಚಿತ್ರವು ಹರಿದಾಡುವ ಮೊಬೈಲಿನ ಗುಂಪಿನಲ್ಲಿಯೂ ಕೇಳಿಬರತಕ್ಕುವೇ. ಅವುಗಳಿಗೆ ಉತ್ತರವನ್ನು ಒಮ್ಮೆ ನಾಲಗೆಯ ಮೇಲೆ ತಂದುಕೊಂಡ ತರುಣನಿಗೆ, ಬೇಕಾದ ದಿನದಲ್ಲಿ ಅದು ಕೈಕೊಡದು. ಪ್ರಸಂಗವು ಮುಗಿದ ಮೇಲೆ ಹುಡುಗಿಯರೂ ಕುಳಿತು ವಿಮರ್ಶಿಸಲಿ. ಯಾರ ಪಕ್ಷದಲ್ಲಿ ನಿಂತಿದ್ದೇವೆಂದು ಹೇಳಿಕೊಳ್ಳುತ್ತೇವೆಯೋ ಅವರು ಅದನ್ನು ಒಪ್ಪಬೇಕಷ್ಟೆ. ಮುಖ್ಯವಾಗಿ, ವಿಕರ್ಣನು ಮಾತು ಮುಗಿಸಿದ ಕೂಡಲೆ ಸಭೆಯಿಂದ ಇನ್ನೊಬ್ಬ ವಿದ್ಯಾರ್ಥಿಯು ಎದ್ದು ಅವನ ಮಾತನ್ನು ಎತ್ತಿ ಹಿಡಿಯುವಂತೆ ಅವಕಾಶವಿರಲಿ. ಮೂಲದಲ್ಲಿ ಆ ಎರಡನೆಯವನು ಇಲ್ಲವೆಂದು ಪಂಡಿತರು ಆಕ್ಷೇಪಿಸಬಹುದು. ಅರ್ಥಧಾರಿಗೆ ನಮ್ಮ ಹಿರಿಯರು ಕೊಟ್ಟ ಸ್ವಾತಂತ್ರ್ಯವು ಇಂಥ ಕಡೆಯಲ್ಲಿ ಉಪಯೋಗಕ್ಕೆ ಬಾರದಿದ್ದರೆ ಮತ್ತೆಲ್ಲಿ ಬರಬೇಕು? ಕಾಲೇಜುಗಳ ಕನ್ನಡ ಮತ್ತು ಸಂಸ್ಕೃತ ಅಧ್ಯಾಪಕರು ಈ ಸೂಚನೆಯನ್ನು ವಿಚಾರಿಸಿ, ತಮ್ಮ ಅಭಿಪ್ರಾಯವನ್ನು ಈ ಪತ್ರಿಕೆಗೆ ಬರೆಯಬೇಕಾಗಿ ಪ್ರಾರ್ಥಿಸುತ್ತೇನೆ.